ಗ್ಲಾಸ್ಗೋ ವರ್ಲ್ಡ್‌ಕಾನ್: ಕಥೆಗಾರರೂ ಕ್ಯೂನಲ್ಲಿ

ವರ್ಲ್ಡ್‌ಕಾನ್ ಅನ್ನುವ ವಿಜ್ಞಾನ ಕಥೆಗಳ ಸಮಾವೇಶಕ್ಕೆ ಹೋಗಬೇಕಾದರೆ ಕಥೆಗಾರರೂ ದುಡ್ಡು ಕೊಟ್ಟು ಸದಸ್ಯರಾಗಬೇಕು. ವೇದಿಕೆ ಹತ್ತಿ ಮಾತಾಡುವವರೂ ಅಷ್ಟೆ. ಆ ವರ್ಷದ ಗೌರವ ಅತಿಥಿಗಳು ಅಂತ ಕೆಲವರಿರುತ್ತಾರೆ. ಉಳಿದವರೆಲ್ಲ ಕೈಯಿಂದ ಖರ್ಚು ಮಾಡಿಕೊಂಡು ಬರಬೇಕು. ನಡೆಸುವವರಿಗೂ ಸಂಬಳವಿಲ್ಲ, ಎಲ್ಲರೂ ಸ್ವಯಂಸೇವಕರೇ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಈ ಸಮಾವೇಶ, ಮಹಾಯುದ್ಧದ ನಾಲ್ಕು ವರ್ಷ ಬಿಟ್ಟರೆ, ಹೀಗೇ ನಡೆದುಕೊಂಡು ಬಂದಿದೆ. ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ, "ಅಲ್ಲಾ, ದುಡ್ಡು ಕೊಟ್ಟು ಬೇರೆಯವರ ಭಾಷಣ ಕೇಳೋಕೆ ರಜಾ ಹಾಕ್ತೀಯಾ?" ಅಂದರು. ಹಾಕಿದೆ.

82ನೇ ವರ್ಲ್ಡ್‌ಕಾನ್ 2024ರ ಆಗಸ್ಟ್ 8ರಿಂದ 12ರವರೆಗೆ ಗ್ಲಾಸ್ಗೋದಲ್ಲಿತ್ತು. ಈ ಊರಿಗೆ ಇದು ಹೊಸದೇನಲ್ಲ, 1995ರಲ್ಲೂ 2005ರಲ್ಲೂ ಇಲ್ಲೇ ನಡೆದಿತ್ತು. ನಮ್ಮದು ಒಂದು ಸಣ್ಣ ಗುಂಪು. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಸೇರಿ ಒಬ್ಬರ ಕಥೆಯನ್ನು ಇನ್ನೊಬ್ಬರು ಹರಿದು ಹಾಕುವುದು ನಮ್ಮ ಕೆಲಸ. ಹಾಸನದ ಗೆಳತಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ, ಧಾರವಾಡದ ಗೆಳೆಯ ಎಡಿನ್‌ಬರೋದಲ್ಲಿ. ನಾನು ಲಂಡನ್ ಯೂಸ್ಟನ್‌ನಿಂದ ರೈಲು ಹತ್ತಿದೆ. ಗ್ಲಾಸ್ಗೋ ಸೆಂಟ್ರಲ್‌ಗೆ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಅಲ್ಲಿ ನೆಲದಡಿಯ ಪ್ಲಾಟ್‌ಫಾರ್ಮ್‌ಗೆ ಇಳಿದು ಲೋಕಲ್ ಹಿಡಿದರೆ ಎರಡನೇ ಸ್ಟೇಷನ್ನೇ ಎಕ್ಸಿಬಿಷನ್ ಸೆಂಟರ್. ಮುಂದೆ ಹೈವೇ ಮೇಲೆ ಹಾದುಹೋಗುವ ಮುಚ್ಚಿದ ಕಾಲುಸೇತುವೆ. ನನ್ನ ಮುಂದೆ ನಡೆಯುತ್ತಿದ್ದವರ ಬೆನ್ನಿಗೆ ಡ್ರ್ಯಾಗನ್ ರೆಕ್ಕೆಗಳಿದ್ದವು. ಇನ್ನು ದಾರಿ ಕೇಳುವ ಅಗತ್ಯವಿರಲಿಲ್ಲ.

ಜಾಗ ಕ್ಲೈಡ್ ನದಿಯ ದಂಡೆ. ಒಂದು ಕಾಲಕ್ಕೆ ಇಲ್ಲೆಲ್ಲ ಹಡಗುಕಟ್ಟೆಗಳಿದ್ದವು. ಫಿನಿಸ್ಟನ್ ಕ್ರೇನ್ ಇನ್ನೂ ನಿಂತಿದೆ, ಕೆಲಸ ನಿಂತು ಎಷ್ಟೋ ಕಾಲವಾಯಿತು. ಈ ಊರಿನಲ್ಲಿ ಕಟ್ಟಿದ ಉಗಿ ಎಂಜಿನ್‌ಗಳನ್ನು ಹಡಗಿಗೆ ಏರಿಸುತ್ತಿದ್ದದ್ದು ಅದೇ. ಅದರ ಪಕ್ಕದಲ್ಲೇ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ವಿನ್ಯಾಸ ಮಾಡಿದ ಸಭಾಂಗಣ. ಊರವರು ಅದನ್ನು ಆರ್ಮಡಿಲ್ಲೊ ಅಂತಲೇ ಕರೆಯುತ್ತಾರೆ. ನಮ್ಮ ಧಾರವಾಡದವನು ಒಂದು ನಿಮಿಷ ನೋಡಿ, "ಏನಿಲ್ಲಪಾ, ಇದು ಚಿಪ್ಪುಹಂದಿ ಮಲ್ಕೊಂಡಂಗ ಐತಿ" ಅಂದ.

ಒಳಗೆ ಮೊದಲು ಕಣ್ಣಿಗೆ ಬಿದ್ದದ್ದು ಕೊರಳಿನ ಬ್ಯಾಡ್ಜ್‌ಗಳು. ಬ್ಯಾಡ್ಜ್‌ನ ಕೆಳಗೆ ಬಣ್ಣಬಣ್ಣದ ರಿಬ್ಬನ್ ಅಂಟಿಸುತ್ತಾರೆ. ಒಂದರ ಕೆಳಗೆ ಇನ್ನೊಂದು. ಕೆಲವು ಅಧಿಕೃತ: ಸ್ವಯಂಸೇವಕ, ಭಾಷಣಕಾರ, ಹ್ಯೂಗೊ (ವರ್ಲ್ಡ್‌ಕಾನ್ ಕೊಡುವ ವಿಜ್ಞಾನ ಕಥೆಗಳ ಪ್ರಶಸ್ತಿ) ಅಂತಿಮ ಸ್ಪರ್ಧಿ, ಹೀಗೆ. ಜಾಸ್ತಿ ಇರುವುದು ತಮಾಷೆಯವು, ಯಾರು ಬೇಕಾದರೂ ಅಚ್ಚು ಹಾಕಿಸಿ ಹಂಚಬಹುದು. ಗಾಲಿಕುರ್ಚಿಯಲ್ಲಿದ್ದ ಅಜ್ಜ ಒಬ್ಬರ ರಿಬ್ಬನ್ ಸಾಲು ಮೊಣಕಾಲು ದಾಟಿತ್ತು. ನಮ್ಮ ಗೆಳತಿ ಮನೆಯಿಂದಲೇ ಒಂದು ಕಟ್ಟು ಮಾಡಿಸಿಕೊಂಡು ಬಂದಿದ್ದಳು: "ಫಿಲ್ಟರ್ ಕಾಫಿಯಿಂದ ಚಲಿಸುವ ಯಂತ್ರ". ಕನ್ನಡ ಅಕ್ಷರದಲ್ಲೇ. ಏನು ಬರೆದಿದೆ ಅಂತ ಗೊತ್ತಿಲ್ಲದಿದ್ದರೂ ಅಕ್ಷರ ಚಂದ ಅಂತ ಜನ ಕೇಳಿ ಪಡೆದರು. ಅಜ್ಜನೂ ಒಂದು ಅಂಟಿಸಿಕೊಂಡರು.

ಕಾರ್ಯಕ್ರಮಗಳು ಒಂದೇ ಹೊತ್ತಿಗೆ ಹತ್ತಾರು ಕೋಣೆಗಳಲ್ಲಿ ನಡೆಯುತ್ತವೆ. ಎಲ್ಲವನ್ನೂ ಕೇಳುತ್ತೇನೆ ಅಂತ ಹೊರಟರೆ ಹುಚ್ಚು ಹಿಡಿಯುತ್ತದೆ. ಗೋಷ್ಠಿಗಳಲ್ಲಿ ಕೆಲವು ತೀರಾ ಸಪ್ಪೆ. ನಾಲ್ಕು ಜನ ಮೈಕ್ ಮುಂದೆ ಕೂತು ಒಬ್ಬರನ್ನೊಬ್ಬರು ಒಪ್ಪಿಕೊಳ್ಳುವುದನ್ನು ನೋಡಲು ಇಷ್ಟು ದೂರ ಬರಬೇಕಿಲ್ಲ, ಅಲ್ವಾ? ಆದರೆ ಕೇಳಲು ಬಂದವರು ಬೇರೆಯೇ ಜನ. ಅರ್ಧದಷ್ಟು ಮಂದಿ ಕೈಯಲ್ಲಿ ಉಣ್ಣೆ ಹಿಡಿದು ಸ್ವೆಟರ್ ಹೆಣೆಯುತ್ತಿರುತ್ತಾರೆ. ಗಮನವಿಲ್ಲ ಅಂದುಕೊಂಡರೆ, ಕೊನೆಗೆ ಕಡ್ಡಿ ಕೆಳಗಿಟ್ಟು ಬೆವರಿಳಿಸುವ ಪ್ರಶ್ನೆ ಕೇಳುತ್ತಾರೆ.

ಅದರ ರುಚಿ ನಮಗೂ ಸಿಕ್ಕಿತು. ಗೆಳತಿಗೆ ಒಂದು ಸಣ್ಣ ಕೋಣೆಯಲ್ಲಿ ಕಥೆ ಓದುವ ಅವಕಾಶವಿತ್ತು. ಬಂದವರು ಏಳೆಂಟು ಮಂದಿ, ನಮ್ಮನ್ನೂ ಸೇರಿಸಿ. ಅವಳ ಕಥೆ ನಡೆಯುವುದು ಹಾಸನದ ಹತ್ತಿರದ ಶೆಟ್ಟಿಹಳ್ಳಿಯಲ್ಲಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚ್ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು. ಮಳೆಗಾಲದಲ್ಲಿ ಚರ್ಚ್ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ಕಥೆ ಮುಂದಿನ ಶತಮಾನದ್ದು. ನೀರು ಶಾಶ್ವತವಾಗಿ ಬತ್ತಿದ ಮೇಲೆ ಹಳ್ಳಿಯವರ ಮೊಮ್ಮಕ್ಕಳು ವಾಪಸ್ ಬಂದು ಚರ್ಚಿನೊಳಗೆ ಸಂಸಾರ ಹೂಡುತ್ತಾರೆ.

ಓದಿ ಮುಗಿಯಿತು. ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಹೆಣೆಯುತ್ತಿದ್ದ ಹೆಂಗಸು ಕೈ ಎತ್ತಿದರು. ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತರಾದವರಂತೆ. "ಹೂಳು ಎಲ್ಲಿ ಹೋಯಿತು?" ಅಂತ ಕೇಳಿದರು. ನೂರು ವರ್ಷ ನೀರು ನಿಂತ ಜಾಗದಲ್ಲಿ ನೆಲ ಮೊದಲಿನ ಹಾಗೆ ಇರುತ್ತದೆಯೇ? ಬಾಗಿಲಿನ ಅರ್ಧದವರೆಗೆ ಹೂಳು ತುಂಬಿರುವುದಿಲ್ಲವೇ? ಅಲ್ಲಿ ಮೊದಲು ಏನು ಚಿಗುರುತ್ತದೆ? ಗ್ಲಾಸ್ಗೋಗೆ 1859ರಿಂದ ಕುಡಿಯುವ ನೀರು ಬರುವುದು ಲಾಕ್ ಕ್ಯಾಟ್ರಿನ್ ಅನ್ನುವ ಸರೋವರದಿಂದ. ಅದರ ವಿಷಯ ತೆಗೆದು, ನೀರಿನ ಮಟ್ಟ ಏರಿಸಿದಾಗ ದಡ ಏನಾಗುತ್ತದೆ ಅಂತ ಶುರುಮಾಡಿದರು. ಸಮಯ ಮುಗಿದು ಕೋಣೆ ಖಾಲಿ ಮಾಡಿಸಿದರೂ ಮಾತು ನಿಲ್ಲಲಿಲ್ಲ. ಮೂವರೂ ಕಾರಿಡಾರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತೆವು. ಆಕೆ ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಕಿಟಕಿಯ ಚಿತ್ರ ಬರೆದು, ಹೂಳಿನ ಗೆರೆ ಎಳೆದು ಕೊಟ್ಟರು. ಅವತ್ತು ರಾತ್ರಿಯೇ ಕಥೆಯ ಮೊದಲ ಭಾಗ ಬದಲಾಯಿತು. ಮೊಮ್ಮಕ್ಕಳು ಈಗ ಕಿಟಕಿಯಿಂದ ಒಳಗಿಳಿಯುತ್ತಾರೆ.

ನಮ್ಮ ಊರಲ್ಲಿ ಕಥೆ ಓದಿದರೆ "ತುಂಬಾ ಚೆನ್ನಾಗಿದೆ ಮೇಡಂ" ಅಂತಾರೆ, ಇಲ್ಲವೇ ಸಂದೇಶ ಏನು ಅಂತ ಕೇಳ್ತಾರೆ. ಹೂಳಿನ ಲೆಕ್ಕ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆ ಬರೆದರು, ಓದುಗರೂ ಇದ್ದರು. ಆದರೆ ಆ ಓದುಗರು ಒಬ್ಬರಿಗೊಬ್ಬರು ಸಿಗುವ ಜಾಗ ಇರಲಿಲ್ಲ. ಸಾಹಿತ್ಯ ಸಮ್ಮೇಳನದಲ್ಲಿ ಸರ್ವಾಧ್ಯಕ್ಷರನ್ನು ಸಾರೋಟಿನಲ್ಲಿ ಕರೆತರುತ್ತೇವೆ, ನನಗೂ ಅದು ಇಷ್ಟವೇ. ಇಲ್ಲಿ ಮಾತ್ರ ನಾನು ಕಾಲೇಜಿನಲ್ಲಿ ಓದಿ ಬೆರಗಾಗಿದ್ದ ಕಾದಂಬರಿಕಾರರೊಬ್ಬರು ಕಾಫಿ ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದರು. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಊಟದ ವಿಷಯದಲ್ಲಿ ನಮ್ಮ ಸಮ್ಮೇಳನಕ್ಕೇ ಜೈ. ಒಳಗಿನ ತಣ್ಣನೆ ಸ್ಯಾಂಡ್‌ವಿಚ್ ತಿಂದು ಸಾಕಾಗಿ ಸಂಜೆ ಆರ್ಗೈಲ್ ಸ್ಟ್ರೀಟ್‌ಗೆ ನಡೆದೆವು. ಗ್ಲಾಸ್ಗೋದವರಿಗೆ ಪಕೋಡ ಅಂದರೆ ಪ್ರಾಣ. ಕುರಿಯ ಹೊಟ್ಟೆಯೊಳಗಿನದನ್ನೆಲ್ಲ ಹಾಕಿ ಮಾಡುವ ಹ್ಯಾಗಿಸ್‌ನ್ನೂ ಪಕೋಡ ಮಾಡಿಬಿಟ್ಟಿದ್ದಾರೆ, ಅದರಲ್ಲಿ ಸಸ್ಯಾಹಾರಿ ಬಗೆಯೂ ಇದೆ. ಗೆಳತಿ ಎರಡು ಪ್ಲೇಟ್ ಮುಗಿಸಿದಳು.

ಗೌರವ ಅತಿಥಿಗಳಲ್ಲಿ ಕೆನ್ ಮೆಕ್ಲಾಡ್ ಈ ಸೀಮೆಯವರೇ. ಅವರೂ ಈಯನ್ ಬ್ಯಾಂಕ್ಸ್ ಅವರೂ ಕ್ಲೈಡ್ ದಂಡೆಯಲ್ಲೇ ಕೆಳಗಿರುವ ಗ್ರೀನಕ್ ಊರಿನ ಹೈಸ್ಕೂಲಿನಲ್ಲಿ ಸ್ನೇಹಿತರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತ ಇಬ್ಬರೂ ದೊಡ್ಡ ಕಾದಂಬರಿಕಾರರಾದರು. ಬ್ಯಾಂಕ್ಸ್ 2013ರಲ್ಲಿ ತೀರಿಕೊಂಡರು. ಗೆಳೆಯರ ಗುಂಪಿನಲ್ಲಿ ಬರೆಯುವವರಿಗೆ ಇದು ಸುಮ್ನೆ ಕೇಳಿ ಬಿಡುವ ಕಥೆಯಲ್ಲ.

ಭಾನುವಾರ ರಾತ್ರಿ ಆರ್ಮಡಿಲ್ಲೊದಲ್ಲಿ ಹ್ಯೂಗೊ ಪ್ರಶಸ್ತಿಗಳು. ಇದಕ್ಕೆ ಮತ ಹಾಕುವವರು ಸದಸ್ಯರೇ, ಅಂದರೆ ನಾವೂ. ಆ ವರ್ಷ ಎಲ್ಲರಿಗೂ ಒಂದಿಷ್ಟು ಅಳುಕಿತ್ತು. ಚೀನಾದ ಚೆಂಗ್ದುವಿನಲ್ಲಿ ನಡೆದ 2023ರ ಸಮಾವೇಶದಲ್ಲಿ ಕೆಲವು ಕೃತಿಗಳನ್ನು ಕಾರಣ ಹೇಳದೆ ಅನರ್ಹ ಮಾಡಿದ್ದು ಆಮೇಲೆ ಬಯಲಾಗಿ ದೊಡ್ಡ ಗಲಾಟೆಯಾಗಿತ್ತು. ಹಾಗಾಗಿ ಗ್ಲಾಸ್ಗೋದವರು ಮೊದಲೇ ಎಲ್ಲ ಬಿಚ್ಚಿಟ್ಟರು. ಬಂದ 3,813 ಮತಗಳಲ್ಲಿ 377 ಮತಗಳು ಒಬ್ಬ ಸ್ಪರ್ಧಿಯನ್ನು ಗೆಲ್ಲಿಸಲು ಹಾಕಿದ ನಕಲಿ ಮತಗಳೆಂದು ತೆಗೆದುಹಾಕಿ, ಅದನ್ನು ಜುಲೈನಲ್ಲೇ ಪ್ರಕಟಿಸಿದ್ದರು. ಎಮಿಲಿ ಟೆಶ್ ಕಾದಂಬರಿಯ ಹ್ಯೂಗೊ ಪಡೆದರು. ನಮ್ಮ ಸಾಲಿನಲ್ಲಿ ಕೂಗು ಎದ್ದದ್ದು 'ಸ್ಟ್ರೇಂಜ್ ಹೊರೈಜನ್ಸ್' ಪತ್ರಿಕೆಗೆ ಬಂದಾಗ. ಸ್ವಯಂಸೇವಕರೇ ನಡೆಸುವ ಪತ್ರಿಕೆ ಅದು. ವರ್ಷ ವರ್ಷವೂ ಅಂತಿಮ ಪಟ್ಟಿಗೆ ಬಂದು ಬರಿಗೈಯಲ್ಲಿ ಹೋಗುತ್ತಿತ್ತು. ಧಾರವಾಡದವನು ಕುರ್ಚಿ ಬಿಟ್ಟು ಎದ್ದು ಶಿಳ್ಳೆ ಹೊಡೆದ.

ಮುಂದಿನ ಸಮಾವೇಶ ಎಲ್ಲಿ ಅನ್ನುವುದನ್ನೂ ಸದಸ್ಯರೇ ಮತ ಹಾಕಿ ಎರಡು ವರ್ಷ ಮುಂಚೆ ತೀರ್ಮಾನಿಸುತ್ತಾರೆ. 2025ಕ್ಕೆ ಸಿಯಾಟಲ್ ಆಗಲೇ ಗೊತ್ತಾಗಿತ್ತು, 2026ಕ್ಕೆ ಲಾಸ್ ಏಂಜಲೀಸ್‌ನವರು ಗೆದ್ದರು. ಹೋಟೆಲ್ ಬಾರ್‌ನಲ್ಲಿ ಕೂತು, ಬೆಂಗಳೂರಿನಲ್ಲೇ ನಡೆಸಿದರೆ ಹೇಗೆ ಅಂತ ಲೆಕ್ಕ ಹಾಕಿದೆವು. ಬೆಂಗಳೂರಿನ ಲಾವಣ್ಯ ಲಕ್ಷ್ಮಿನಾರಾಯಣ್ ಅವರ ಕಾದಂಬರಿ ಆ ವರ್ಷವೇ ವಿಜ್ಞಾನ ಕಾದಂಬರಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಿತ್ತು. ಬರೆಯುವವರು ಇದ್ದಾರೆ, ಓದುವವರೂ ಇದ್ದಾರೆ. ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ದೊಡ್ಡದಿದೆ, ಹಿಡಿಸುತ್ತದೆ ಅಂದೆ ನಾನು.

"ಮೆಟ್ರೊ ಇನ್ನೂ ನಾಗಸಂದ್ರ ದಾಟಿಲ್ಲ ಕಣೋ," ಅಂದಳು ಗೆಳತಿ. "ಅಲ್ಲಿಂದ ಡ್ರ್ಯಾಗನ್ ರೆಕ್ಕೆ ಕಟ್ಕೊಂಡು ಯಾವ ಆಟೋದಲ್ಲಿ ಕೂರ್ತಾರೆ?"

"ಮೀಟರ್ ಮ್ಯಾಲೆ ಒಂದೂವರಿ ಕೇಳ್ತಾನ ನೋಡು," ಅಂದ ಧಾರವಾಡದವನು, "ರೆಕ್ಕಿಗೆ ಬ್ಯಾರೆ."