ಕೊನೆಯ ಬೆಂಚಿಗೆ ಸಿಕ್ಕ 641

ಒಂಬತ್ತನೇ ತರಗತಿಯ ಮಾತು. ಗಣಿತದ ಮೇಷ್ಟ್ರು ಒಳಗೆ ಬಂದವರೇ ಹಲಗೆಯ ಮೇಲೆ 4294967297 ಎಂದು ಬರೆದರು. ‘ಇದು ಅವಿಭಾಜ್ಯವೋ ಅಲ್ಲವೋ ಹೇಳ್ರಪ್ಪ’ ಎಂದು ಸೀಮೆಸುಣ್ಣದ ಕೈ ಕೊಡವಿಕೊಂಡರು.

ನಮಗೆ ಗೊತ್ತಿದ್ದ ಉಪಾಯಗಳೆಲ್ಲ ಬೇಗ ಮುಗಿದವು. ಬೆಸ ಸಂಖ್ಯೆ. ಕೊನೆಗೆ 5 ಇಲ್ಲ. ಅಂಕಿಗಳನ್ನು ಕೂಡಿದರೆ 59, ಹಾಗಾಗಿ 3ರಿಂದ ಹೋಗಲ್ಲ. 7, 11, 13 ಕೂಡ ಕೈಕೊಟ್ಟವು. ಹೀಗೇ ನೋಡುತ್ತ ಹೋದರೆ 65,536ರವರೆಗೂ ಹೋಗಬೇಕು, ಅಷ್ಟರಲ್ಲಿ 6,542 ಅವಿಭಾಜ್ಯ ಸಂಖ್ಯೆಗಳಿವೆ ಎಂದರು. ಬೆಲ್ ಹೊಡೆದರೆ ಸಾಕಪ್ಪಾ ಅನ್ನಿಸಿತು.

ಆಮೇಲೆ ಕಥೆ ಹೇಳಿದರು. 32 ಎರಡುಗಳನ್ನು ಗುಣಿಸಿ 1 ಕೂಡಿಸಿದರೆ ಈ ಸಂಖ್ಯೆ. ಹೀಗೇ 1, 2, 4, 8, 16 ಎರಡುಗಳನ್ನು ತಗೊಂಡರೆ ಬರುವ, ಇದರ ಅಣ್ಣಂದಿರಾದ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಹಾಗಾದರೆ ಇದೂ ಅವಿಭಾಜ್ಯವೇ ಎಂದು 1640ರ ಹೊತ್ತಿಗೆ ಫರ್ಮಾ ಎಂಬ ಗಣಿತಜ್ಞ ನಂಬಿದ್ದ. 1732ರಲ್ಲಿ ಆಯ್ಲರ್ ಎಂಬ ಇನ್ನೊಬ್ಬ ಗಣಿತಜ್ಞ ಅದನ್ನು ಒಡೆದ. ಇದನ್ನು ಭಾಗಿಸುವ ಸಂಖ್ಯೆ ಯಾವುದೇ ಇರಲಿ, ಅದು 64ರ ಗುಣಕಕ್ಕಿಂತ 1 ಜಾಸ್ತಿ ಇರಲೇಬೇಕು. ಏಕೆ ಎಂಬುದು ನನಗೆ ತಿಳಿದಿದ್ದು ಕಾಲೇಜಿನಲ್ಲಿ. ಅವತ್ತು ಸುಮ್ನೆ ನಂಬಿದೆವು.

65, 129, 193 ಎಂದು ಬರೆಯುತ್ತ ಹೋಗಿ, ಒಡೆಯುವಂಥವನ್ನು ಹೊಡೆದು ಹಾಕಿದರು. ಮೊದಲಿಗೆ ಉಳಿದವು 193, 257, 449, 577, 641. ಬೆಂಚಿಗೊಂದರಂತೆ ಹಂಚಿದರು. ಕೊನೆಯ ಬೆಂಚಿನ ನಮಗೆ 641. ಬೇಕಂತಲೇ ಕೊಟ್ಟರೋ ಏನೋ!

4294ರಲ್ಲಿ 6 ಸಲ, ಉಳಿದಿದ್ದು 448. ಒಂಬತ್ತನ್ನು ಇಳಿಸಿಕೊಂಡರೆ 4489, 7 ಸಲ ಹೋಗಿ ಶೇಷ 2. ಮುಂದೆ 26, ಆಮೇಲೆ 267, ಎರಡರಲ್ಲೂ ಹೋಗಲ್ಲ. ಆಮೇಲೆ 4, ಆಮೇಲೆ 1. ನೋಡಿದರೆ ಮತ್ತೆ ಅದೇ 448! ಈ ಸಲ ಇಳಿದು ಬಂದಿದ್ದು 7. 4487 ಅಂದರೆ 641ರ ಏಳರಷ್ಟೇ. ಶೇಷ ಸೊನ್ನೆ. ‘ಸಾರ್, 670417!’ ಎಂದು ಕೂಗಿಬಿಟ್ಟೆ.

ಮೇಷ್ಟ್ರು ಹೊಗಳಲಿಲ್ಲ. ‘ತಾಳೆ ನೋಡು’ ಎಂದರು. 641ರಿಂದ ಗುಣಿಸಿದರೆ ಬಂದಿದ್ದು 429737297. ‘ಹತ್ತು ಅಂಕಿ ಇದ್ದಿದ್ದು ಒಂಬತ್ತಾಯ್ತಲ್ಲೋ, ಒಂದನ್ನ ಎಲ್ಲಿ ಬಿಟ್ಟು ಬಂದೆ?’ ತರಗತಿಯೆಲ್ಲ ನಕ್ಕಿತು. ಹೋಗದ ಕಡೆ ಎರಡು ಸೊನ್ನೆ ಹಾಕಬೇಕಿತ್ತು, ನಾನು ಹಾಕಿದ್ದು ಒಂದೇ. ಸರಿಯಾದ ಉತ್ತರ 6700417. ಅದು ಅವಿಭಾಜ್ಯ, ಮುಂದೆ ಒಡೆಯುವುದಿಲ್ಲ. ಆ ಐವರು ಅಣ್ಣಂದಿರ ಆಚೆಗೆ ಇಂಥ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ.

ಈಗ ನನ್ನದು ಕಂಪ್ಯೂಟರ್ ಕೆಲಸ. 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ತುಂಬುವ 32 ಜಾಗಗಳಲ್ಲಿ, ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳು 4294967296. ಅದು ತೆರೆಯ ಮೇಲೆ ಕಂಡಾಗಲೆಲ್ಲ ಮನಸ್ಸಿನಲ್ಲೇ ಒಂದು ಕೂಡಿಸಿ, 641ರಿಂದ ಭಾಗಿಸಲು ಶುರು ಮಾಡುತ್ತೇನೆ. 267ರ ಹತ್ತಿರ ಬಂದಾಗ ಸ್ವಲ್ಪ ನಿಂತು, ಎರಡನೇ ಸೊನ್ನೆ ಹಾಕಿಯೇ ಮುಂದೆ ಹೋಗುತ್ತೇನೆ.