ಪ್ರೆಸೆಂಟೇಷನ್ ಭಯ ಮತ್ತು ಮಧ್ಯಾಹ್ನದ ಬಿಸಿ ಪೀಸು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಬೆಳಗಿನ ಶಿಫ್ಟ್ ಶುರುವಾಗುವ ಮುಂಚೆ ಒಂದು ಸಣ್ಣ ಮೀಟಿಂಗ್ ಇರುತ್ತದೆ. ಮೆಷಿನ್ ಪಕ್ಕದಲ್ಲೇ ನಿಂತುಕೊಂಡು ಮಾತು. ನಿನ್ನೆ ಯಾವ ಪೀಸು ರಿಜೆಕ್ಟ್ ಆಯಿತು, ಯಾಕಾಯಿತು, ಇವತ್ತು ಏನು ನೋಡಿಕೊಳ್ಳಬೇಕು. ಕ್ವಾಲಿಟಿ ಇಂಜಿನಿಯರ್ ಆದ್ದರಿಂದ ಅದನ್ನು ನಡೆಸುವವಳು ನಾನು. ಇಡೀ ಲೈನಿನವರು ಸುತ್ತ ನಿಂತಿರುತ್ತಾರೆ. ಕಂಪ್ರೆಸರ್ ಸದ್ದಿನಲ್ಲಿ ದನಿ ಎತ್ತರಿಸಬೇಕು. ಮಧ್ಯೆ ಮಧ್ಯೆ ಪ್ರಶ್ನೆ ಬರುತ್ತವೆ, ವಾದವೂ ಆಗುತ್ತದೆ. ಅಲ್ಲಿ ನನಗೆ ಯಾವತ್ತೂ ಭಯ ಆಗಿಲ್ಲ.

ಅದೇ ವಿಷಯವನ್ನು ಮೇಲಿನ ಮಹಡಿಯ ಕಾನ್ಫರೆನ್ಸ್ ಹಾಲಿನಲ್ಲಿ ಬೆರಳೆಣಿಕೆಯ ಜನರ ಮುಂದೆ ಹೇಳಬೇಕು ಅಂದರೆ ಹಿಂದಿನ ರಾತ್ರಿಯೇ ನಿದ್ದೆ ಹಾರಿಹೋಗುತ್ತಿತ್ತು. ಅಂಗೈ ತಣ್ಣಗೆ, ಬಾಯಿ ಒಣಗಿ ನಾಲಿಗೆ ಅಂಟಿಕೊಂಡ ಹಾಗೆ, ಎದೆ ಡವಡವ. ವರ್ಷಗಟ್ಟಲೆ ಹೀಗೇ ನಡೆಯಿತು.

ಇದಕ್ಕೆಲ್ಲ ಇಂಗ್ಲಿಷೇ ಕಾರಣ ಅಂತ ತುಂಬಾ ದಿನ ನಂಬಿದ್ದೆ. ನಾನು ತಿಪಟೂರು ಕಡೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ತುಮಕೂರಿನಲ್ಲಿ ಡಿಪ್ಲೊಮಾ. ಬೆಂಗಳೂರಿನ ಆಫೀಸುಗಳಲ್ಲಿ ನಮ್ಮಂಥವರು ಲೆಕ್ಕವಿಲ್ಲದಷ್ಟು ಜನ ಇದ್ದೇವೆ. ಕೆಲಸ ಚೆನ್ನಾಗಿ ಗೊತ್ತು, ಮೀಟಿಂಗಿನಲ್ಲಿ ಮಾತ್ರ ಹಿಂದಿನ ಕುರ್ಚಿ. ಭಾಷೆಯ ಅಳುಕು ಸುಳ್ಳಲ್ಲ, ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆದರೆ ನಮ್ಮ ಪ್ಲಾನಿಂಗ್ ವಿಭಾಗದಲ್ಲಿ ಚಿಕ್ಕಂದಿನಿಂದ ಕಾನ್ವೆಂಟಿನಲ್ಲೇ ಓದಿದ ಗೆಳತಿ ಒಬ್ಬಳಿದ್ದಾಳೆ. ಅವಳ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಅದೇ ಹಾಲಿನಲ್ಲಿ ಅವಳ ಕೈಯೂ ನಡುಗುತ್ತದೆ. ಹಾಗಾದರೆ ಬರೀ ಭಾಷೆಯದ್ದಲ್ಲ, ಅಲ್ವಾ?

ಮೈಯಲ್ಲಿ ಆಗುವುದು ಏನು ಅಂತ ತಿಳಿದುಕೊಂಡದ್ದು ನನಗೆ ಮೊದಲ ಧೈರ್ಯ ಕೊಟ್ಟಿತು. ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹ ತಯಾರಾಗುತ್ತದೆ. ಅಡ್ರಿನಲಿನ್ ಹರಿಯುತ್ತದೆ, ರಕ್ತ ಚರ್ಮದಿಂದ ದೊಡ್ಡ ಸ್ನಾಯುಗಳ ಕಡೆ ತಿರುಗುತ್ತದೆ. ಅಂಗೈ ತಣ್ಣಗಾಗುವುದು ಅದಕ್ಕೇ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಉಸಿರು ಮೇಲುಮೇಲಕ್ಕೆ ಬಂದು ದನಿ ನಡುಗುತ್ತದೆ. ಎದುರಿಗೆ ಹುಲಿ ಇದೆಯೋ ಪ್ಲಾಂಟ್ ಹೆಡ್ ಇದ್ದಾರೋ ದೇಹಕ್ಕೆ ಅಷ್ಟಾಗಿ ವ್ಯತ್ಯಾಸ ತಿಳಿಯದು. ಇದು ನನ್ನೊಬ್ಬಳ ಕೊರತೆ ಅಲ್ಲ, ಎಲ್ಲರ ಮೈಯೂ ಹೀಗೇ ಕೆಲಸ ಮಾಡುತ್ತದೆ ಅಂತ ಗೊತ್ತಾದಾಗ ಅರ್ಧ ಭಾರ ಇಳಿಯಿತು.

ಇನ್ನೊಂದು ವಿಷಯ ಓದಿದ್ದು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಭಾಷಣದ ಭಯದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮಾತಾಡುವವರು ತಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಅಂದುಕೊಂಡಿರುತ್ತಾರೆ. ಕೇಳುವವರಿಗೆ ಅದು ಅಷ್ಟೇನೂ ಕಂಡಿರುವುದಿಲ್ಲ. ಇಷ್ಟನ್ನು ಮೊದಲೇ ತಿಳಿಸಿ ಕಳಿಸಿದವರ ಭಾಷಣ, ತಿಳಿಸದೇ ಕಳಿಸಿದವರದ್ದಕ್ಕಿಂತ ಚೆನ್ನಾಗಿ ಬಂತು. ನನಗೆ ಇದನ್ನು ಓದಿ ಸಿಟ್ಟೇ ಬಂತು. ಇಷ್ಟು ಸರಳ ಮಾತನ್ನು ಶಾಲೆಯಲ್ಲಿ ಯಾರಾದರೂ ಹೇಳಬಾರದಿತ್ತೇ!

ಆದರೂ ಹಾಲಿನ ಭಯ ನಿಜವಾಗಿ ಸಡಿಲವಾದದ್ದು ಒಂದು ರಿಜೆಕ್ಷನ್ ಕೇಸಿನಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬೇಸಿಗೆ ಕಾಲ. ನಾವು ಮಾಡುವ ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಬೇರೆ ಭಾಗಗಳು ಒಳಗೆ ಕೂರುವ ಹೊರಕವಚ, ಕಸ್ಟಮರ್ ಕಡೆಯಿಂದ ವಾಪಸ್ ಬರಲು ಶುರುವಾಯಿತು. ಅದರ ಬೋರ್, ಅಂದರೆ ಮಧ್ಯದ ದುಂಡು ತೂತು, 80 ಮಿಲಿಮೀಟರ್ ಅಗಲ. 30 ಮೈಕ್ರಾನ್ ದೊಡ್ಡದಿದ್ದರೂ ನಡೆಯುತ್ತದೆ, 80ಕ್ಕಿಂತ ಚಿಕ್ಕದಾಗುವಂತಿಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮಲ್ಲಿ ಅಳೆದಾಗ ಸರಿ, ಅಲ್ಲಿ ಅಳೆದಾಗ ಚಿಕ್ಕದು. ಗೇಜು ನೋಡಿದ್ದಾಯಿತು, ಟೂಲ್ ನೋಡಿದ್ದಾಯಿತು. ಸುಳಿವು ಕೊಟ್ಟವರು ಲೈನಿನ ಹಿರಿಯ ಆಪರೇಟರ್. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. "ಮೇಡಂ, ಮಧ್ಯಾಹ್ನದ ಪೀಸು ಮೆಷಿನ್ನಿಂದ ತೆಗೆದರೆ ಕೈಗೆ ಬಿಸಿ ಹತ್ತುತ್ತೆ. ಬಿಸಿ ಇರುವಾಗಲೇ ಅಳೀತೀವಲ್ಲ" ಅಂದರು.

ಅಲ್ಲಿಂದ ದಾರಿ ಸಿಕ್ಕಿತು. ಅಳತೆಗೆ ಪ್ರಪಂಚದಾದ್ಯಂತ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, 1931ರಿಂದಲೂ. ಕಸ್ಟಮರ್ ಏಸಿ ರೂಮಿನಲ್ಲಿ 20 ಡಿಗ್ರಿಗೆ ತಂದು ಅಳೆಯುತ್ತಾರೆ. ನಮ್ಮ ತಗಡಿನ ಶೆಡ್ಡು ಮಧ್ಯಾಹ್ನ ಕಾದಿರುತ್ತದೆ. 80 ಮಿಲಿಮೀಟರಿನ ಅಲ್ಯೂಮಿನಿಯಂ ಬೋರ್ 10 ಡಿಗ್ರಿ ತಣ್ಣಗಾದರೆ ಸುಮಾರು 18 ಮೈಕ್ರಾನ್ ಕುಗ್ಗುತ್ತದೆ. ಇರುವ ಅವಕಾಶವೇ 30. ವಾಪಸ್ ಬಂದ ಪೀಸುಗಳ ಮೇಲಿನ ಗುರುತು ನೋಡಿದರೆ ಬಹುಪಾಲು ಮಧ್ಯಾಹ್ನದ ಶಿಫ್ಟಿನವೇ.

ಇದನ್ನು ಕಸ್ಟಮರ್ ತಂಡದ ಮುಂದೆ ಹೇಳಬೇಕು, ನೀವೇ ಹೇಳಿ, ಅಂದರು ನಮ್ಮ ಮ್ಯಾನೇಜರ್.

ನಮ್ಮಲ್ಲಿ ಪ್ರೆಸೆಂಟೇಷನ್‌ಗೆ ಒಂದು ವಾಡಿಕೆ ಇದೆ. ಮೊದಲು ಕಂಪನಿಯ ಪರಿಚಯ, ಆಮೇಲೆ ತಂಡದ ಫೋಟೋ, ಆಮೇಲೆ ಸಮಸ್ಯೆ, ಕಾರಣ ಹುಡುಕಲು ಬರೆಯುವ ಮೀನಿನ ಮುಳ್ಳಿನ ಚಿತ್ರ, ಯಾಕೆ-ಯಾಕೆ ಪಟ್ಟಿ, ಗ್ರಾಫು. ಕಾರಣ ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಕೇಳುವವರ ಕಣ್ಣು ಫೋನಿಗೆ ಹೋಗಿರುತ್ತದೆ. ಮಾತಾಡುವವರಿಗೆ ಅದು ಕಾಣುತ್ತದೆ, ಭಯ ಇನ್ನೂ ಜಾಸ್ತಿಯಾಗುತ್ತದೆ.

ಆ ವಾರ ನನ್ನ ತಲೆಯಲ್ಲಿ ಕೊಲಂಬಿಯಾ ನೌಕೆಯ ಕತೆ ಸುತ್ತುತ್ತಿತ್ತು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡದ್ದು ನಮಗೆಲ್ಲ ಗೊತ್ತು. ಹಾರುವಾಗಲೇ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ನೌಕೆಯ ಎಡ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಇಂಜಿನಿಯರುಗಳು ನಾಸಾ ಅಧಿಕಾರಿಗಳಿಗೆ ಈ ಬಗ್ಗೆ ಸ್ಲೈಡು ತೋರಿಸಿದ್ದರು. ಅದರಲ್ಲಿ ಒಂದರ ಶೀರ್ಷಿಕೆ ಓದಿದರೆ ಪರವಾಗಿಲ್ಲ ಅನ್ನಿಸುತ್ತದೆ. ಕೆಳಗೆ, ಸಣ್ಣ ಅಕ್ಷರದಲ್ಲಿ, ಕೊನೆಯ ಸಾಲುಗಳಲ್ಲಿ ನಿಜವಾದ ಸಂಗತಿ ಇತ್ತು: ಪರೀಕ್ಷೆ ನಡೆದದ್ದು 3 ಘನ ಇಂಚಿನ ಫೋಮ್ ತುಂಡಿನಿಂದ, ಇಲ್ಲಿ ಲೆಕ್ಕಕ್ಕೆ ಹಿಡಿದದ್ದು 1920 ಘನ ಇಂಚು. ಆರುನೂರು ಪಟ್ಟಿಗಿಂತ ದೊಡ್ಡದು. ಆ ಸ್ಲೈಡೇ ದುರಂತಕ್ಕೆ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಅದೊಂದು ಸ್ಲೈಡನ್ನು ಪ್ರತ್ಯೇಕವಾಗಿ ಚರ್ಚಿಸಿತು. ಜೀವಕ್ಕೆ ಸಂಬಂಧಿಸಿದ ವಿಷಯ ಅಂತ ಅದನ್ನು ಓದಿದ ಅಧಿಕಾರಿಗೆ ಹೊಳೆಯದೇ ಇದ್ದರೆ ಆಶ್ಚರ್ಯವಿಲ್ಲ ಎಂಬ ಅರ್ಥದ ಮಾತು ಬರೆಯಿತು.

ನಮ್ಮ ಹೌಸಿಂಗ್ ಬೋರಿನಿಂದ ಯಾರ ಜೀವವೂ ಹೋಗುವುದಿಲ್ಲ. ಆದರೂ ಆ ಸಾಲು ನೆನಪಾದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತಿತ್ತು. ನಾನು ಕೊನೆಯ ಸ್ಲೈಡಿನಲ್ಲಿ ಇಟ್ಟಿರುವುದನ್ನು ಅವರು ಮೊದಲೇ ಕೇಳಬೇಕಲ್ಲವೇ?

ಹಿಂದಿನ ದಿನ ಶಿಫ್ಟ್ ಮುಗಿದ ಮೇಲೆ ಸ್ಲೈಡುಗಳ ಪ್ರಿಂಟ್ ಹಿಡಿದು ಲೈನಿಗೆ ಇಳಿದೆ. ಅಣ್ಣನನ್ನೂ ಇನ್ನಿಬ್ಬರು ಮೂವರನ್ನೂ ಕೂರಿಸಿಕೊಂಡು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಯಾಕೋ ಹಾಗೆ ಮಾಡಬೇಕು ಅನ್ನಿಸಿತ್ತು. ನಾಲ್ಕನೇ ಹಾಳೆಗೆ ಬರುವಷ್ಟರಲ್ಲಿ ಅಣ್ಣ ತಡೆದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಅವರ ಸ್ಟೋರಲ್ಲಿ ನಮ್ಮ ಪೀಸು ರಾಶಿ ಬಿದ್ದಿದೆ. ಅದರಲ್ಲಿ ಯಾವುದನ್ನ ಬಳಸಬಹುದು, ಯಾವುದನ್ನ ಬಳಸಬಾರದು, ಅದೇ ಅಲ್ವಾ ಅವರಿಗೆ ಮೊದಲು ಬೇಕಾಗಿರೋದು?"

"ಹೌದಣ್ಣ" ಅಂದೆ.

"ಮತ್ತೆ ಅದನ್ನೇ ಹೇಳಿಬಿಡಿ. ಬೇಕಾದ್ರೆ ನಾನು ಬಿಸಿ ಪೀಸು ತಂದುಕೊಡ್ತೀನಿ, ಗೇಜ್ ಹಾಕಿ ತೋರ್ಸಿ."

ಅಲ್ಲೇ ಕೂತು ಮೊದಲ ಮೂರು ವಾಕ್ಯ ಬರೆದೆ. ಕನ್ನಡದಲ್ಲಿ ಬರೆದು, ಆಮೇಲೆ ಸರಳ ಇಂಗ್ಲಿಷಿಗೆ ತಂದೆ. ಮಧ್ಯಾಹ್ನದ ಶಿಫ್ಟಿನ ಪೀಸುಗಳನ್ನು ತಡೆಹಿಡಿಯಿರಿ. ಉಳಿದ ಶಿಫ್ಟಿನವನ್ನು ಮತ್ತೊಮ್ಮೆ ಅಳೆದು ಬಳಸಿ. ಕಾರಣವನ್ನು ಈಗಲೇ ಕಣ್ಣೆದುರು ತೋರಿಸುತ್ತೇನೆ. ಬಾಯಿಪಾಠ ಮಾಡಿದ್ದು ಅಷ್ಟನ್ನೇ. ಇಡೀ ಭಾಷಣ ಉರು ಹೊಡೆದರೆ ಒಂದು ಪದ ತಪ್ಪಿದಾಗ ಉಳಿದದ್ದೆಲ್ಲ ಕಳಚಿಹೋಗುತ್ತದೆ. ಮೊದಲ ಅರ್ಧ ನಿಮಿಷ ಮಾತ್ರ ಗಟ್ಟಿ ಇರಬೇಕು, ಯಾಕೆಂದರೆ ಮೈ ಜಾಸ್ತಿ ಕಾಟ ಕೊಡುವುದು ಆಗಲೇ.

ಮಾರನೇ ದಿನ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿಯುವವರೆಗೂ ಆ ಮೂರು ವಾಕ್ಯಗಳನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಹಾಲಿಗೆ ಎಲ್ಲರಿಗಿಂತ ಮುಂಚೆ ಹೋದೆ. ಪ್ರೊಜೆಕ್ಟರ್ ಕೇಬಲ್ ಹಾಕಿ ನೋಡಿದೆ. ಹಿಂದಿನ ಕುರ್ಚಿಯಲ್ಲಿ ಕೂತು ಅಕ್ಷರ ಕಾಣುತ್ತದಾ ಅಂತ ಪರೀಕ್ಷಿಸಿದೆ. ನಿಲ್ಲಬೇಕಾದ ಜಾಗದಲ್ಲಿ ಸುಮ್ನೆ ಸ್ವಲ್ಪ ಹೊತ್ತು ನಿಂತೆ. ಇವು ಚಿಕ್ಕ ಕೆಲಸಗಳೇ. ಆದರೆ ಬಂದವರು ಬಾಗಿಲು ತೆಗೆದಾಗ ಆ ಕೋಣೆ ನನ್ನದು ಅನ್ನುವ ಹಾಗಿತ್ತು.

ಎದೆ ಹೊಡೆದುಕೊಳ್ಳುವುದೇನೂ ನಿಲ್ಲಲಿಲ್ಲ. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟೆ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಬೇಕು, ಆಗ ಬಡಿತ ಸ್ವಲ್ಪ ಇಳಿಯುತ್ತದೆ. ಮೂರು ವಾಕ್ಯ ಹೇಳಿದೆ. ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿದ್ದರು, ಮೆಷಿನ್ನಿಂದ ಆಗಷ್ಟೇ ತೆಗೆದ ಪೀಸನ್ನು ವೇಸ್ಟ್ ಬಟ್ಟೆಯಲ್ಲಿ ಸುತ್ತಿಕೊಂಡು. ಅದು ಆರುವುದರೊಳಗೆ ತೋರಿಸಬೇಕು. ಕಂಪನಿ ಪರಿಚಯಕ್ಕೂ ಫೋಟೋಗೂ ಸಮಯವೇ ಇರಲಿಲ್ಲ.

ಪ್ಲಗ್ ಗೇಜ್ ಕೈಗೆ ತೆಗೆದುಕೊಂಡೆ. ಬೋರಿನೊಳಗೆ ಇಳಿಯುತ್ತದಾ ಅಂತ ನೋಡುವ ದುಂಡು ಅಳತೆ ಸಾಧನ ಅದು, ಇಳಿಯದಿದ್ದರೆ ಬೋರ್ ಚಿಕ್ಕದು ಅಂತ ಲೆಕ್ಕ. 80 ಮಿಲಿಮೀಟರಿನದ್ದು, ಒಳ್ಳೆ ಭಾರ. ಬೋರಿನ ಬಾಯಿಗೆ ನೇರವಾಗಿ ಇಡಬೇಕು, ಕೂದಲೆಳೆ ವಾಲಿದರೂ ಕಚ್ಚಿಕೊಳ್ಳುತ್ತದೆ. ಬೆರಳ ತುದಿಯಲ್ಲಿ ಅದರ ಅಂಚು ಸಮವಾಗಿ ಕೂತದ್ದು ಗೊತ್ತಾಗುವವರೆಗೆ ಕಾಯಬೇಕು, ಒತ್ತಬಾರದು. ಈ ಕೆಲಸ ನನ್ನ ಕೈಗೆ ವರ್ಷಗಳಿಂದ ಗೊತ್ತು. ಗೇಜ್ ತನ್ನ ಭಾರಕ್ಕೇ ಜಾರಿ ಒಳಗೆ ಹೋಯಿತು. ಆಮೇಲೆ ಅದೇ ಬ್ಯಾಚಿನ, ಅಳತೆ ರೂಮಿನಲ್ಲಿ ರಾತ್ರಿಯಿಡೀ 20 ಡಿಗ್ರಿಯಲ್ಲಿಟ್ಟ ಇನ್ನೊಂದು ಪೀಸು. ಗೇಜ್ ಬಾಯಲ್ಲೇ ನಿಂತಿತು. ಒಳಗೆ ಹೋಗಲಿಲ್ಲ.

ಕೈ ನಡುಗುತ್ತಿಲ್ಲ ಅಂತ ನನಗೆ ಗೊತ್ತಾದದ್ದು ಆಗ.

ಕಸ್ಟಮರ್ ಕಡೆಯ ಇಂಜಿನಿಯರ್ ಎದ್ದು ಬಂದು ತಾವೇ ಗೇಜ್ ಹಾಕಿ ನೋಡಿದರು. ಇನ್ನೊಬ್ಬರು ಎರಡೂ ಪೀಸನ್ನು ಮುಟ್ಟಿ ನೋಡಿದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣು ಪೀಸಿನ ಮೇಲೆ. ನಾನೂ ಅದನ್ನೇ ನೋಡುತ್ತಿದ್ದೆ. ಬೆಳಗಿನ ಮೀಟಿಂಗಿನಲ್ಲಿ ನನಗೆ ಭಯ ಇರದೇ ಇದ್ದದ್ದಕ್ಕೆ ಕಾರಣ ಇದೇ ಅಂತ ಹೊಳೆಯಿತು. ಅಲ್ಲಿ ನಾನು ಹೇಗೆ ಕಾಣುತ್ತೇನೆ ಅಂತ ಯಾವತ್ತೂ ಯೋಚಿಸಿದವಳಲ್ಲ. ರಿಜೆಕ್ಷನ್ ನಿಲ್ಲಬೇಕು, ಅಷ್ಟೇ ತಲೆಯಲ್ಲಿ ಇರುತ್ತಿತ್ತು.

ಒಂದು ಕಡೆ ಇಂಗ್ಲಿಷ್ ಪದ ಸಿಗದೆ ನಿಂತೆ. ಒಂದು ವಾಕ್ಯ ಕನ್ನಡದಲ್ಲೇ ಬಂತು. "ಹೇಳಿ ಮೇಡಂ, ಕನ್ನಡದಲ್ಲೇ ಹೇಳಿ, ನಮ್ಮದು ಹಾಸನ" ಅಂದರು ಆ ಕಡೆಯ ಒಬ್ಬರು. ಜೊತೆಗಿದ್ದ ಇನ್ನೊಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಮತ್ತೆ ಇಂಗ್ಲಿಷಿಗೆ ತಿರುಗಿದೆ. ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಮೆಷಿನ್ನಿನ ಸ್ಪಿಂಡಲ್, ಅಂದರೆ ತಿರುಗುವ ದಂಡ, ಅದೂ ಬಿಸಿಗೆ ಬೆಳೆಯುತ್ತದಲ್ಲ, ಅದರ ಪಾಲು ಎಷ್ಟು ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅದನ್ನು ಇನ್ನೂ ಅಳೆದಿಲ್ಲ, ಶುಕ್ರವಾರದೊಳಗೆ ಅಳೆದು ಕಳಿಸುತ್ತೇನೆ ಅಂದೆ. ಅವರು ಬರೆದುಕೊಂಡು ಮುಂದಕ್ಕೆ ಹೋದರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಏನು ಗತಿ ಅನ್ನುವುದೇ ನನ್ನ ಅತಿ ದೊಡ್ಡ ಹೆದರಿಕೆಯಾಗಿತ್ತು. ಅದಕ್ಕೆ ಉತ್ತರ ಇಷ್ಟೇ ಉದ್ದದ್ದು.

ಗೆಳತಿ ಈಗ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗುತ್ತಾಳೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ ಅದು, ಬೆಂಗಳೂರಿನಲ್ಲಿ ಎಷ್ಟೋ ಕ್ಲಬ್ಬುಗಳಿವೆ. ಐದಾರು ನಿಮಿಷದ ಭಾಷಣ, ಆಮೇಲೆ ಒಬ್ಬರು ಒಳ್ಳೆಯದನ್ನೂ ತಿದ್ದಬೇಕಾದದ್ದನ್ನೂ ಹೇಳುತ್ತಾರೆ. ಅವಳಿಗೆ ತುಂಬಾ ಅನುಕೂಲವಾಗಿದೆ. ನನಗೆ ನಮ್ಮ ಲೈನೇ ಸಾಕು. ಈಗಲೂ ಮೇಲಿನ ಹಾಲಿಗೆ ಹೋಗುವ ಮುಂಚೆ ಎಲ್ಲವನ್ನೂ ಒಮ್ಮೆ ಕೆಳಗೆ ಕನ್ನಡದಲ್ಲಿ ಹೇಳುತ್ತೇನೆ. ಅಲ್ಲಿ ಅರ್ಥವಾಗದ್ದು ನನಗೂ ಸರಿಯಾಗಿ ಅರ್ಥವಾಗಿಲ್ಲ ಅಂತ ಲೆಕ್ಕ.

ಈಗ ಸರದಿ ಅಣ್ಣನದ್ದು. ಕ್ವಾಲಿಟಿ ಸರ್ಕಲ್ ಅನ್ನುವುದು 1962ರಲ್ಲಿ ಜಪಾನಿನಲ್ಲಿ ಶುರುವಾದ ಪದ್ಧತಿ, ಕೆಲಸಗಾರರೇ ಕೂತು ಸಮಸ್ಯೆ ಬಿಡಿಸಿ ತಾವೇ ಅದನ್ನು ಮಂಡಿಸುವುದು. ನಮ್ಮ ಕಾರ್ಖಾನೆಯ ಸರ್ಕಲ್ ಮೀಟಿಂಗಿನಲ್ಲಿ ಈ ಬಿಸಿ ಪೀಸಿನ ಕೇಸನ್ನು ಅವರೇ ಹೇಳಬೇಕು ಅಂತ ಹಠ ಹಿಡಿದಿದ್ದೇನೆ. ಕನ್ನಡದಲ್ಲೇ. ಕೆಳಗೆ ಅಷ್ಟು ಮಾತಾಡುವವರು ಮೇಲಿನ ಹಾಲು ಅಂದ ಕೂಡಲೇ "ಬ್ಯಾಡ ಮೇಡಂ, ನೀವೇ ಹೇಳಿ" ಅನ್ನುತ್ತಿದ್ದಾರೆ. ಮೊದಲ ಮೂರು ವಾಕ್ಯ ಇಬ್ಬರೂ ಸೇರಿ ಬರೆದಾಗಿದೆ. ಶನಿವಾರ ಶಿಫ್ಟ್ ಮುಗಿದ ಮೇಲೆ ಅವರನ್ನು ಹಾಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು, ಗೇಜ್ ಕೈಗೆ ಕೊಟ್ಟು.