ಅಕ್ಕ-ಭಾವನ ಜೊತೆ ತಡಿಯಂಡಮೋಳ್

ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ರಾತ್ರಿ ಟೆಂಟ್ ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲ. ಮಂಡ್ಯದಿಂದ ಅಕ್ಕ ಫೋನ್ ಮಾಡಿ, "ಹೈಕ್ಳು ಬೆಟ್ಟದ್ ಮ್ಯಾಲೇ ಮಲೀಕಬೇಕು ಅಂತ ಹಟ ಹಿಡ್ದವೆ ಕಣ್ಲಾ" ಎಂದಾಗ ಮೊದಲು ಇದನ್ನೇ ಹೇಳಿದೆ. ಹಗಲಲ್ಲಿ ಹತ್ತಿ ಇಳಿಯೋದು, ರಾತ್ರಿ ಬೆಟ್ಟದ ಕೆಳಗಿನ ಕಕ್ಕಬ್ಬೆಯ ಒಂದು ಕಾಫಿ ತೋಟದಲ್ಲಿ ಟೆಂಟ್ ಹಾಕೋದು ಅಂತ ಮಾತಾಯಿತು. ನಾನು ವಿರಾಜಪೇಟೆಗೆ ಕೆಲಸಕ್ಕೆ ಬಂದ ಮೇಲೆ ಮನೆಯವರೆಲ್ಲ ಒಟ್ಟಿಗೆ ಈ ಕಡೆ ಬಂದದ್ದು ಇದೇ ಮೊದಲು. ಅಕ್ಕ, ಭಾವ, ಅವರ ಮಗ, ಮಗಳು, ಜೊತೆಗೆ ನಮ್ಮವ್ವ.

ಡಿಸೆಂಬರ್ ತಿಂಗಳು. ಮಳೆ ನಿಂತು ಜಿಗಣೆ ಕಾಟ ಕಡಿಮೆಯಾಗಿರುತ್ತದೆ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹತ್ತಲು ಇದೇ ಒಳ್ಳೆಯ ಕಾಲ. ಚಾರಣದ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿದ್ದೆ. ಅವ್ವನಿಗೆ ಮಂಡಿನೋವು. ತೋಟದ ಮನೆಯ ಆಂಟಿ "ಅವರು ನಮ್ಮ ಜೊತೆ ಇರಲಿ, ನೀವು ಹೋಗಿ ಬನ್ನಿ" ಎಂದು ಒಳಗೆ ಕರೆದುಕೊಂಡರು.

ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆಯ ಹತ್ತಿರದಿಂದ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಅರಮನೆ ಅಂದರೆ ಮಕ್ಕಳ ಕಣ್ಣಲ್ಲಿ ಮೈಸೂರಿನದ್ದೇ ಇತ್ತು. ಇಲ್ಲಿ ನೋಡಿದರೆ ಎರಡಂತಸ್ತಿನ ಮನೆ, ಕೆತ್ತನೆಯ ಮರದ ಕಂಬ, ಬಣ್ಣ ಮಾಸಿದ ಗೋಡೆಚಿತ್ರ. ಬ್ರಿಟಿಷರು 1834ರಲ್ಲಿ ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಬಂದು ಸೇರಿಕೊಂಡದ್ದು ಇಲ್ಲಿಗೇ. ಯಾಕೆ ಇಲ್ಲಿಗೇ ಬಂದ ಅನ್ನೋದು ಸುತ್ತಲಿನ ಬೆಟ್ಟ, ಕಾಡು ನೋಡಿದರೆ ಗೊತ್ತಾಗುತ್ತದೆ.

ಮೊದಲರ್ಧ ದಾರಿ ಸುಲಭ. ಅಕ್ಕ ಎಷ್ಟು ನಡೆದರೆ ಅಷ್ಟೇ ನಡೆಯೋದು, ಅವಳನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು ಅಂತ ಮಕ್ಕಳಿಗೆ ಹೇಳಿದ್ದೆ. ಅಕ್ಕನೂ ಆರಾಮಾಗಿ ನಿಂತು ನಿಂತು ನಡೆದಳು. ಮನೆ, ಗದ್ದೆ, ಹಸು ಬಿಟ್ಟು ಅವಳು ಹೀಗೆ ಸುಮ್ನೆ ನಡೆದು ಎಷ್ಟು ವರ್ಷ ಆಗಿತ್ತೋ.

ಕೊನೆಯ ಏರಿಗೆ ಮೊದಲು ಶೋಲಾ ಸಿಗುತ್ತದೆ, ಬೆಟ್ಟದ ಹುಲ್ಲುಗಾವಲಿನ ನಡುವೆ ತಗ್ಗಿನಲ್ಲಿ ಬೆಳೆಯುವ ದಟ್ಟ ಕಾಡು. ಹೊರಗೆ ಸುಡುವ ಬಿಸಿಲಿದ್ದರೆ ಒಳಗೆ ಮೈ ನಡುಗುವಷ್ಟು ತಂಪು. ಕುಳ್ಳ ಮರಗಳು, ಕೊಂಬೆ ತುಂಬ ಪಾಚಿ. ಒಂದು ಮರದ ಬುಡದಲ್ಲಿ ನೆಲ ಒದ್ದೆಯಾಗಿತ್ತು. ಭಾವ ಕೂತು ತರಗೆಲೆ ಸರಿಸಿದರು. ಕೆಳಗೆ ಕಪ್ಪು ಮಣ್ಣು. ಬೆರಳಲ್ಲಿ ಒತ್ತಿದರೆ ನೀರು ಮೇಲೆ ಬಂತು. ಬೇರಿನ ಸಂದಿಯಿಂದ ಬೆರಳು ಗಾತ್ರದ ಒಂದು ಧಾರೆ ಕೆಳಗೆ ಹರಿಯುತ್ತಿತ್ತು.

"ಮಳೆ ನಿಂತು ಎಷ್ಟ್ ದಿನ ಆಯ್ತು ಇಲ್ಲಿ? ಇನ್ನೂ ಹಿಂಗೇ ಜಿನುಗ್ತಾ ಅದಲ್ಲ!" ಎಂದರು.

ಭಾವ ಕಬ್ಬು ಬೆಳೆಯುವವರು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರಾ ಇಲ್ಲವಾ ಎಂಬುದರ ಮೇಲೇ ಅವರ ವರ್ಷ ನಡೆಯುತ್ತದೆ. ಈ ಬೆಟ್ಟದ ತೊರೆಗಳು ಕಕ್ಕಬ್ಬೆ ಹೊಳೆಗೆ, ಆ ಹೊಳೆ ಕಾವೇರಿಗೆ, ಕಾವೇರಿ ಕನ್ನಂಬಾಡಿ ಕಟ್ಟೆಗೆ. ಅಲ್ಲಿಂದಲೇ ಅಲ್ವಾ ನಾಲೆ? ಮಳೆಗಾಲದ ನೀರನ್ನು ಒಮ್ಮೆಲೇ ಹರಿದುಹೋಗಲು ಬಿಡದೆ ಹಿಡಿದಿಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುವುದು ಈ ಶೋಲಾ ಮತ್ತು ಸುತ್ತಲಿನ ಹುಲ್ಲುಗಾವಲು. ನಾನು ಹೇಳುತ್ತಾ ಹೋದೆ. ಭಾವ ಬೊಗಸೆಯಲ್ಲಿ ನೀರು ಹಿಡಿದು ಮುಖ ತೊಳೆದುಕೊಂಡರು. ಆಮೇಲೆ ಮಗನನ್ನು ಕರೆದು ತೋರಿಸಿದರು: "ನೋಡ್ಲಾ, ನಮ್ಮ ಗದ್ದೆ ನೀರು."

ಮೇಲೆ ಟೆಂಟ್ ಹಾಕಬಾರದು ಎಂಬ ನಿಯಮ ನನಗೆ ಪೂರ್ತಿ ಒಪ್ಪಿಗೆಯಾಗುವುದು ಇದಕ್ಕೇ. ರಾತ್ರಿ ಉಳಿದರೆ ಚಳಿಗೆ ಬೆಂಕಿ ಹಾಕದೆ ಯಾರೂ ಇರುವುದಿಲ್ಲ. ಬೇಸಿಗೆಯಲ್ಲಿ ಆ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ದಾರಿಯಲ್ಲಿ ಸಿಕ್ಕ ಚಿಪ್ಸ್ ಕವರುಗಳನ್ನು ಸೊಸೆ ಆರಿಸಿ ಬ್ಯಾಗಿಗೆ ತುಂಬಿಕೊಂಡಳು. ಹಗಲು ಬಂದು ಹೋಗುವವರೇ ಇಷ್ಟು ಬಿಟ್ಟಿದ್ದಾರೆ.

ಕೊನೆಯ ಏರು ಕಡಿದು. ಅಕ್ಕ ಕೈ ಊರಿ ಹತ್ತಿದಳು, ಭಾವ ಹಿಂದೆ ನಿಂತರು. 1748 ಮೀಟರ್, ಕೊಡಗಿನ ಅತಿ ಎತ್ತರದ ಜಾಗ. ಪಡುವಣಕ್ಕೆ ಕೇರಳದ ಕಡೆ ಬೆಟ್ಟದ ಹಿಂದೆ ಬೆಟ್ಟ, ಮೂಡಣಕ್ಕೆ ತೋಟ, ಗದ್ದೆ. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಅಕ್ಕ ಅದನ್ನು ಸೊಂಟಕ್ಕೆ ಬಿಗಿದು, "ಅವ್ವಂಗೆ ವಿಡಿಯೋ ಮಾಡ್ಲಾ" ಎಂದಳು. ಅಲ್ಲಿ ಸಿಗ್ನಲ್ ಇರಲಿಲ್ಲ, ಆದರೂ ಮಾಡಿಟ್ಟುಕೊಂಡೆವು.

ಸಂಜೆ ತೋಟಕ್ಕೆ ಬಂದರೆ ಅವ್ವ ಅಡುಗೆಮನೆಯಲ್ಲಿ ಆಂಟಿಯ ಪಕ್ಕ ಕೂತು ಕಡಂಬುಟ್ಟು ಉಂಡೆ ಕಟ್ಟುತ್ತಿದ್ದಳು. ಅಕ್ಕಿ ತರಿ ಬೇಯಿಸಿ, ಉಂಡೆ ಮಾಡಿ, ಹಬೆಯಲ್ಲಿ ಇಡುವುದು. ಮುದ್ದೆ ಕಟ್ಟಿ ಪಳಗಿದ ಕೈಗೆ ಇದೇನು ಕಷ್ಟ? ಜೊತೆಗೆ ಪಂದಿ ಕರಿ, ಅಂದರೆ ಹಂದಿ ಮಾಂಸದ ಪಲ್ಯ. ಅದರ ಕಪ್ಪು ಬಣ್ಣ, ಹುಳಿ ಎರಡೂ ಕಾಚಂಪುಳಿಯದ್ದು. ಪಣಪುಳಿ ಹಣ್ಣಿನ ರಸವನ್ನು ಗಟ್ಟಿಯಾಗುವ ತನಕ ಕುದಿಸಿ ಮಾಡುತ್ತಾರೆ. ಭಾವ ಮಾತಿಲ್ಲದೆ ಉಂಡರು.

ಕಾಫಿ ಕಣದ ಪಕ್ಕದಲ್ಲೇ ಟೆಂಟ್. ಒಣಗಲು ಹರಡಿದ ಅರೇಬಿಕಾ ಹಣ್ಣಿನ ಹುಳಿ-ಸಿಹಿ ವಾಸನೆ ರಾತ್ರಿಯೆಲ್ಲ ಇತ್ತು. ಕತ್ತಲಾದ ಮೇಲೆ ಕಣ ದಾಟಿ ಹೋಗಬೇಡಿ, ಆನೆ ಇರಬಹುದು ಎಂದು ತೋಟದವರು ಹೇಳಿದ್ದರು. ಬೆಟ್ಟದ ಮೇಲೇ ಮಲಗಬೇಕೆಂದಿದ್ದ ಅಳಿಯ ಆ ಮಾತು ಕೇಳಿ ನನ್ನ ಪಕ್ಕಕ್ಕೇ ಹಾಸಿಗೆ ಎಳೆದುಕೊಂಡ.

ಬೆಳಿಗ್ಗೆ ಪಾಡಿ ಇಗ್ಗುತ್ತಪ್ಪನ ದೇವಸ್ಥಾನಕ್ಕೆ ಹೋದೆವು. ಕೊಡವರಿಗೆ ಮಳೆ-ಬೆಳೆಯ ದೇವರು. ಸುಗ್ಗಿ ಹಬ್ಬವಾದ ಪುತ್ತರಿಯ ಮುಹೂರ್ತ ಗೊತ್ತುಮಾಡುವುದೂ ಇಲ್ಲೇ. ಭಾವ ತುಂಬ ಹೊತ್ತು ಕೈ ಮುಗಿದು ನಿಂತಿದ್ದರು. ಹೊರಗೆ ಬಂದು ಕೇಳಿದರು: "ಜುಲೈನಲ್ಲಿ ಬಂದ್ರೆ ಹೊಳೆ ಹೆಂಗಿರ್ತದೆ?" ಆಗ ಬೆಟ್ಟ ಹತ್ತೋದು ಬೇಡ ಭಾವ, ಹೊಳೆ ನೋಡೋಕೆ ಬನ್ನಿ ಎಂದೆ. ನಾಟಿ ಮುಗಿದ ಮೇಲೆ ಬರುತ್ತೇವೆ ಎಂದು ಅವ್ವ ಅಲ್ಲೇ ತೀರ್ಮಾನ ಮಾಡಿದಳು.